ಒಂದೇ ಸಾಲಿನಲ್ಲಿ ಬರುತ್ತಿದ್ದ ಚಟಚಟ

ದೆವ್ವ, ಶಕುನ, ಸತ್ತವರ ಸೂಚನೆ ಎಂದೆಲ್ಲ ಮಾತೆತ್ತಿದವರನ್ನು ನಾನು ಮುಖಕ್ಕೇ ನಕ್ಕು ಕಳಿಸಿದವನು. ಈಗ ನಂಬಿಕೆ ಬಂದಿದೆ ಎಂದಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಮಗೆ ಕಾರಣ ಹೊಳೆದರೆ ಹೊಳೆಯಲಿ.

ಕುಂಬ್ರದಲ್ಲಿ ನನ್ನದೊಂದು ಸ್ಟುಡಿಯೊ ಇದೆ. ನಮ್ಮ ಕಡೆ ಉತ್ತರಕ್ರಿಯೆಯ ದಿನ ಊಟಕ್ಕೆ ಮೊದಲು ನುಡಿನಮನ ಇರುತ್ತದಲ್ಲ, ಈಗೀಗ ತೀರಿಕೊಂಡವರ ಫೋಟೊಗಳನ್ನು ಪರದೆಯ ಮೇಲೆ ಬಿಟ್ಟು ಹಿನ್ನೆಲೆಗೆ ಧ್ವನಿ ಹಾಕುತ್ತಾರೆ. ಆ ಧ್ವನಿ ನನ್ನದು, ಬರಹವೂ ನನ್ನದು. ನಾಚಿಕೆ ಬಿಟ್ಟು ಹೇಳುತ್ತೇನೆ, ಬರಹ ಎಲ್ಲರಿಗೂ ಒಂದೇ. ಹೆಸರು, ಊರು ಬದಲಿಸುತ್ತೇನೆ, ಅಷ್ಟೆ. ‘ಕೊನೆಯುಸಿರಿನವರೆಗೂ ಮನೆಯವರ ಪ್ರೀತಿಯ ಆರೈಕೆಯಲ್ಲಿದ್ದರು’ ಎಂಬ ಸಾಲು ಯಾರಿಗೂ ತಪ್ಪಿದ್ದಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯ ಮಧ್ಯಾಹ್ನ ಸಂಪಾಜೆ ಕಡೆಯ ವಸಂತ ಎಂಬವರು ಬಂದರು. ತೀರಿಕೊಂಡದ್ದು ಅವರ ಅಕ್ಕ ಲೀಲಾವತಿ. ತಾಯಿಯಿಲ್ಲದ ತಮ್ಮನನ್ನು ಸಾಕುತ್ತಾ ಮದುವೆಯಾಗದೆ ಉಳಿದವರು. ಮರುದಿನವೇ ಸುಳ್ಯದ ಹಾಲ್‌ನಲ್ಲಿ ಕಾರ್ಯಕ್ರಮ. ನೆಂಟರು ಹಿಂದಿನಿಂದ ಏನೇನೋ ಆಡಿಕೊಳ್ಳುತ್ತಿದ್ದಾರೆಂದು ಅವರಿಗೆ ಕಸಿವಿಸಿ.

“ಆರೈಕೆದ್ದು ಸ್ವಲ್ಪ ಗಟ್ಟಿ ಓದಿ ಮಾರಾಯ್ರೆ. ಜನ ಅದನ್ನೇ ಕೇಳುದು” ಎಂದರು.

ಓದಿದೆ. ಮತ್ತೆ ಹಾಕಿ ಕೇಳಿದರೆ ಉಳಿದದ್ದೆಲ್ಲ ಸರಿ, ಆ ಸಾಲಿನಲ್ಲಿ ಮಾತ್ರ ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚಟಚಟ. ಇನ್ನೊಮ್ಮೆ ಓದಿದರೂ ಅಲ್ಲೇ. ಮೈಕ್ ಬದಲಿಸಿದೆ, ಜ್ಯಾಕ್ ತಿರುಗಿಸಿದೆ, ಸೌಂಡ್ ಡ್ರೈವರ್ ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕಿದೆ. ನೆಲ ಒಣಗಿದರೆ ಕರೆಂಟಿನ ಅರ್ತಿಂಗ್ ಕೈಕೊಡುವುದುಂಟು. ಹಿತ್ತಲಿಗೆ ಹೋಗಿ ಅರ್ತಿಂಗ್ ಗುಂಡಿಗೆ ಎರಡು ಕೊಡ ಉಪ್ಪುನೀರು ಹೊಯ್ದೆ. ಪ್ರಯೋಜನವಾಗಲಿಲ್ಲ.

ಕೊನೆಗೆ ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚಿದೆ. ಥೂ! ಸೌಂಡ್ ಕಾರ್ಡಿಗೆ ಅಂಟಿಕೊಂಡು ಹಲ್ಲಿಯೊಂದು ಸತ್ತಿತ್ತು. ಹೊಟ್ಟೆ ಒಡೆದು ರಸ ಇಳಿದು ಅಂಟಂಟಾಗಿತ್ತು, ಸುತ್ತ ಜಿರಳೆಯ ಮೊಟ್ಟೆ, ಹಿಕ್ಕೆ. ವಾಸನೆ ಕೋಣೆಯೆಲ್ಲ ಹರಡಿತು. ಆದರೂ ಕಾರಣ ಸಿಕ್ಕಿತಲ್ಲ ಎಂದು ಒಳಗೊಳಗೆ ಖುಷಿಯೇ ಆಯಿತು.

ವಸಂತ ಹೆಗಲ ಮೇಲಿನ ಬೈರಾಸಿನಿಂದ ಮೂಗು ಮುಚ್ಚಿಕೊಂಡು, ಮಳೆ ಬಿಸಿಲಿನ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದರು: “ಅಕ್ಕನ ಕೋಣೆ ಸಹ ಹೀಗೇ ನಾರ್ತಿತ್ತು. ಕೊನೆಕೊನೆಗೆ ನಾವು ಒಳಗೆ ಹೋಗ್ಲಿಕ್ಕೇ ಇಲ್ಲ. ಬಟ್ಟಲು ಬಾಗಿಲಲ್ಲಿ ಇಡುದು. ಬೇಕಾದ್ರೆ ತೆವಳಿಕೊಂಡು ಬಂದು ತಿಂತಿದ್ರು. ಎಂತ ಮಾಡುದು?”

ಹಲ್ಲಿಗಿಂತ ಹೆಚ್ಚಿನ ಹೇಸಿಗೆ ಆ ಮಾತಿನಿಂದ ಹುಟ್ಟಿತು. ಆದರೂ ಕೆಲಸ ಮುಂದುವರಿಸಿದೆ. ಕಾರ್ಡನ್ನು ಸ್ಪಿರಿಟ್ ಹಾಕಿ ಉಜ್ಜಿ, ಒಣಗಿಸಿ ಕೂರಿಸಿದೆ. ಪರೀಕ್ಷೆಗೆಂದು ಹಿಂದಿನ ವಾರದ ಒಬ್ಬ ಅಜ್ಜನ ಹೆಸರು ಹಾಕಿ ಅದೇ ಸಾಲನ್ನು ಓದಿದೆ. ಸ್ಫಟಿಕದಂತೆ ಸ್ವಚ್ಛ. ಲೀಲಾವತಿ ಎಂದು ಓದಿದೆ. ಚಟಚಟ. ಮೂರು ಸಲ ಹೀಗೇ ಆಯಿತು.

ವಸಂತ ನನ್ನ ಮುಖ ನೋಡಲಿಲ್ಲ. “ಮೊಬೈಲಲ್ಲಿ ಆಗುದಿಲ್ವಾ?” ಎಂದರು. ಆಯಿತು. ಮೊಬೈಲಿನಲ್ಲಿ ಓದಿದರೆ ಚಟಚಟ ಇರಲೇ ಇಲ್ಲ. ಆ ತುಂಡನ್ನು ಜೋಡಿಸಿ ಕೊಟ್ಟೆ.

ಮರುದಿನ ಹಾಲ್‌ನಲ್ಲಿ ನನ್ನ ಧ್ವನಿ ಗಟ್ಟಿಯಾಗಿ, ಚೊಕ್ಕವಾಗಿ ಕೇಳಿತು. ವಸಂತ ಕಣ್ಣೊರೆಸಿಕೊಂಡರು, ನೆಂಟರು ತಲೆಯಾಡಿಸಿದರು. ಆಮೇಲೆ ನಾನೂ ಊಟಕ್ಕೆ ಕೂತೆ. ಪಾಯಸ ಬರುವ ಮೊದಲೇ ಎಲೆ ಬಿಟ್ಟು ಎದ್ದೆ.

ಅದೇ ಕಾರ್ಡಿನಲ್ಲಿ ಇಂದಿಗೂ ಕೆಲಸ ಮಾಡುತ್ತಿದ್ದೇನೆ. ಆಮೇಲೆ ಎಷ್ಟೋ ಜನರಿಗೆ ಆ ಸಾಲು ಓದಿದ್ದೇನೆ, ಒಮ್ಮೆಯೂ ಸದ್ದು ಬಂದಿಲ್ಲ. ಅವರ ಮನೆಯವರೆಲ್ಲ ಚೆನ್ನಾಗಿ ನೋಡಿಕೊಂಡವರೇ ಎಂದು ನೀವೂ ನಂಬಲಾರಿರಿ. ಹಾಗಾದರೆ ಅವತ್ತಿನದು ಹಲ್ಲಿಯ ಕೆಲಸವೇ ಇರಬೇಕು.

ಆದರೆ ಒಂದು ವಿಷಯ ಉಳಿದಿದೆ. ವಸಂತ ಬರುವುದಕ್ಕೂ ಮುಂಚೆ ತೀರಿಕೊಂಡ ನನ್ನ ಅಣ್ಣ ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ಕಾಲು ಕೊಳೆತು ಎರಡು ತಿಂಗಳು ಮಲಗಿದ್ದ. ನಾನು ಒಮ್ಮೆ ಹೋಗಿ, ಆ ವಾಸನೆಗೆ ಮೂಗು ಮುಚ್ಚಿಕೊಂಡು ಹೊರಗೆ ಬಂದವನು, ಮತ್ತೆ ಹೋಗಲಿಲ್ಲ. ಅವನ ನುಡಿನಮನವನ್ನು ನಾನೇ ನಿಂತು ಓದಿದ್ದೆ, ಆ ಸಾಲನ್ನೂ ಬಿಡದೆ.

ಸುಳ್ಯದಿಂದ ಹಿಂದಿರುಗಿದ ಆ ಸಂಜೆ ಅಣ್ಣನ ಹೆಸರು ಹಾಕಿ ಆ ಸಾಲನ್ನು ರೆಕಾರ್ಡ್ ಮಾಡಿದೆ. ಒಂಬತ್ತು ಸೆಕೆಂಡಿನ ಫೈಲು, ಕಂಪ್ಯೂಟರಿನಲ್ಲೇ ಇದೆ. ಇವತ್ತಿನವರೆಗೂ ಅದನ್ನು ಹಾಕಿ ಕೇಳಿಲ್ಲ.