ಆಚೆ ದಂಡೆ ಇಲ್ಲದ ನೀರು

ಅವ್ವ ನನ್ನ ಜೊತೆ ಮಾತು ಬಿಟ್ಟು ಹತ್ತು ತಿಂಗಳಾಗಿತ್ತು. ತಪ್ಪು ನನ್ನದೇ. ಮೋಟಾರು ರಿಪೇರಿ ಕಲಿತಿದ್ದ ತಮ್ಮ ಪಲ್ಟನ್ನು ಸೇರುತ್ತೇನೆಂದಾಗ ಅವ್ವ ಬೇಡವೆಂದಳು. ನಾನು ದೊಡ್ಡಸ್ತಿಕೆಯಿಂದ, ‘ಹೋಗಲಿ ಬಿಡು, ನಾಕು ದೇಶ ನೋಡಿ ಬರ್ತಾನ’ ಎಂದೆ. ಅದು ಎರಡನೆಯ ಮಹಾಯುದ್ಧದ ಕಾಲ. ಅವನು ಮುಂಬಯಿಯಲ್ಲಿ ಹಡಗು ಹತ್ತಿ ಇರಾಕಿನ ಬಸ್ರಾಕ್ಕೆ ಹೋದ. ಯುದ್ಧ ಮುಗಿದ ಮೇಲೆ ಕ್ಷೇಮವಾಗಿ ಬಂದನೆನ್ನಿ. ಆಗ ಅದು ಯಾರಿಗೆ ಗೊತ್ತಿತ್ತು? ನನಗೆ ಹೇಳಬೇಕಾದದ್ದನ್ನೆಲ್ಲ ಅವ್ವ, ನಾನು ಎದುರಿಗೇ ಕೂತಿದ್ದರೂ, ನನ್ನ ಹೆಂಡತಿಗೆ ಹೇಳುತ್ತಿದ್ದಳು. ‘ನಿನ್ನ ಗಂಡಗ ಹೇಳು, ಛತ್ರಿ ಮರತು ಹೊಂಟಾನ.’ ಮಾಡಿದ್ದುಣ್ಣೋ ಮಹರಾಯ ಅಂದುಕೊಂಡು ನಾನು ಛತ್ರಿ ಎತ್ತಿಕೊಳ್ಳುತ್ತಿದ್ದೆ. ಹೊರಗೆ ನಕ್ಕರೂ ಒಳಗೆ ಬಹಳ ನೋಯುತ್ತಿತ್ತು.

ಕೊಪ್ಪಳದಲ್ಲಿ ನನ್ನದೊಂದು ಫೋಟೋ ಅಂಗಡಿ. ಒಂದು ದಿನ ಹೆಂಡತಿ, ‘ಸಮುದ್ರ ಹೆಂಗಿರತೈತಿ ಅಂತ ಅತ್ತಿ ನನ್ನ ಕೇಳಾಕತ್ಯಾರ. ನಾನರ ಎಲ್ಲಿ ನೋಡೀನ್ರಿ?’ ಎಂದಳು. ಅವ್ವ ಗಂಗಾವತಿ ಕಡೆಯವಳು. ಅವಳು ಕಂಡ ದೊಡ್ಡ ನೀರೆಂದರೆ ತುಂಗಭದ್ರೆ. ಸಮುದ್ರವನ್ನು ತಂದು ಕೈಗಿತ್ತರೆ ಸಿಟ್ಟು ಇಳಿದೀತು ಎಂದು ನನಗನಿಸಿತು.

ಗದಗಿನ ಗೆಳೆಯನ ಹತ್ತಿರ ಒಂದು ವೈಡ್ ಆಂಗಲ್ ಲೆನ್ಸ್ ಇತ್ತು. ಇಕ್ಕಟ್ಟಾದ ಅಂಗಳದಲ್ಲಿ ನಲವತ್ತು ಮಂದಿಯ ಮದುವೆ ಗುಂಪನ್ನು ಹಿಡಿಸುವ ಲೆನ್ಸ್. ಅಂಚಿಗೆ ನಿಂತವರು ಅದರಲ್ಲಿ ದಪ್ಪಗೆ ಕಾಣುತ್ತಿದ್ದರು. ಕುಷ್ಟಗಿಯ ನರಪೇತಲ ಬೀಗರೊಬ್ಬರು ಈ ಗುಟ್ಟು ತಿಳಿದು ಪ್ರತಿ ಮದುವೆಯಲ್ಲೂ ಅಂಚಿಗೇ ಓಡುತ್ತಿದ್ದರು. ಇಡೀ ಬೀಗರ ಬಳಗವನ್ನೇ ನುಂಗುವ ಲೆನ್ಸಿಗೆ ಸಮುದ್ರ ಯಾವ ಲೆಕ್ಕ ಎಂದು ಎರವಲು ತಂದು, ಕಾರವಾರದ ಕಡೆಯ ಒಂದು ಹಳ್ಳಿಗೆ ಹೋದೆ.

ಎರಡು ದಿನ ದಂಡೆಯಲ್ಲಿ ನಿಂತು ಬಯಲು ಸಮುದ್ರವನ್ನೇ ತೆಗೆದೆ. ಮೂರನೆಯ ದಿನ ಗಾಳಿಗೆ ಕ್ಯಾಮರಾ ಸ್ಟ್ಯಾಂಡು ನಿಲ್ಲಲಿಲ್ಲ. ಪಕ್ಕದ ಗುಡಿಸಲಿನ ಮೀನುಗಾರ ಹೆಂಗಸು ಒಳಗೆ ಕರೆದಳು. ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಪ್ಲೇಟುಗಳಲ್ಲಿ ಉಳಿದಿದ್ದ ಒಂದನ್ನು ಆ ಮನೆಯೊಳಗಿಂದ ತೆಗೆದೆ: ಮೇಲೆ ಇಳಿಬಿದ್ದ ತೆಂಗಿನ ಗರಿ, ಎರಡೂ ಕಡೆ ಬಾಗಿಲ ತೋಳು, ಕೆಳಗೆ ಹೊಸ್ತಿಲು, ನಡುವೆ ಸಮುದ್ರ. ಹೊಸ್ತಿಲೂ ಹೊರಗಿನ ಬಂಡೆಯೂ ಒಟ್ಟಿಗೆ ನಿಚ್ಚಳ ಬರಲೆಂದು ಲೆನ್ಸಿನ ಕಿಂಡಿ ಕಿರಿದು ಮಾಡಿ, ಬೆಳಕಿಗೆ ಹೆಚ್ಚು ಹೊತ್ತು ಕೊಟ್ಟೆ. ಅಷ್ಟರಲ್ಲಿ ಅಲೆಗಳು ಸರಿದಾಡಿ ಹಾಲಿನಂತೆ ಕಲಸಿಕೊಂಡವು. ಪ್ಲೇಟು ಕೆಟ್ಟಿತೆಂದು ಬೈದುಕೊಂಡೆ.

ಊರಿಗೆ ಬಂದು ಬಯಲು ಸಮುದ್ರದ ಚಿತ್ರವನ್ನೇ ದೊಡ್ಡದು ಮಾಡಿ ಅವ್ವನ ಮುಂದಿಟ್ಟೆ. ಅವಳು ಬಹಳ ಹೊತ್ತು ನೋಡಿದಳು.

‘ಆಚಿ ದಂಡಿ ಎಲ್ಲೈತಿ ಕೇಳು,’ ಎಂದಳು ಸೊಸೆಗೆ.

‘ಇಲ್ಲಂತ ಹೇಳು,’ ಎಂದೆ ನಾನೂ ಹೆಂಡತಿಗೆ.

‘ಈ ಎಳ್ಳುಕಾಳಿನಂಥಾದ್ದು ಏನು?’

‘ಹಡಗು.’

ಅವ್ವ ಚಿತ್ರವನ್ನು ಬೋರಲು ಹಾಕಿದಳು. ‘ಇಷ್ಟು ನೀರಾಗ ನನ್ನ ಮಗನ್ನ ಒಬ್ಬನ್ನೇ ಕಳಿಸ್ಯಾನ,’ ಎಂದು ಗೋಡೆಯ ಕಡೆ ತಿರುಗಿ ಕೂತಳು. ಮದುವೆ ಗುಂಪಿನ ಹಿಂದಿನ ಸಾಲಿನವರ ಮುಖ ಗೋಲಿಯಷ್ಟಾಗುವುದನ್ನು ದಿನಾ ನೋಡುತ್ತಿದ್ದವನು ನಾನು. ಎಲ್ಲವನ್ನೂ ಹಿಡಿಯುವ ಆ ಲೆನ್ಸು ದೂರದ್ದನ್ನು ಇನ್ನೂ ದೂರ ತಳ್ಳುತ್ತದೆಂದು ನನಗೆ ಹೊಳೆಯಲೇ ಇಲ್ಲ. ತಮ್ಮನನ್ನು ನಾನು ಎರಡನೆಯ ಸಲ ಕಳಿಸಿದಂತಾಗಿತ್ತು.

ಮರುದಿನ ಹೆಂಡತಿ ನನ್ನನ್ನು ಕೇಳದೆ, ನಾನು ಮೂಲೆಗೆಸೆದಿದ್ದ ಆ ಕೆಟ್ಟ ಪ್ಲೇಟಿನ ಪ್ರಿಂಟನ್ನು ಒಯ್ದು ಅವ್ವನಿಗೆ ಕೊಟ್ಟಳು. ನಾನು ಬಾಗಿಲಲ್ಲೇ ನಿಂತೆ.

‘ಇದು ಯಾರ ಮನಿ ಕೇಳು.’

‘ಮೀನು ಹಿಡಿಯವರದು. ಅವತ್ತ ಗಾಳಿ ಜೋರಿತ್ತು. ಗಂಡ, ಮಗ ಇಬ್ರೂ ನಸಕಿನ್ಯಾಗ ದೋಣಿ ತಗೊಂಡು ಹೋಗಿದ್ರು.’

‘ಆ ಗಾಳ್ಯಾಗ? ಹೊಳ್ಳಿ ಬಂದ್ರೇನು ಕೇಳು.’

‘ಸಂಜಿಗೆ ಬಂದ್ರು. ದೋಣಿ ದಂಡಿಗೆ ಎಳಿಯಾಕ ನಾನೂ ಕೈ ಹಚ್ಚೀನಿ.’

ಅವ್ವ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಬೆರಳಾಡಿಸಿದಳು. ಕ್ಯಾಮರಾದ ಹತ್ತಿರವೇ ಇದ್ದದ್ದರಿಂದ ಅದು ನಮ್ಮ ಮನೆಯ ಹೊಸ್ತಿಲಿಗಿಂತ ದಪ್ಪಗೆ ಬಂದಿತ್ತು. ‘ಬಾಗಿಲದಾಗ ನೀರೈತಿ, ಆದ್ರೂ ಇವರು ಸಂಸಾರ ಮಾಡ್ಯಾರ,’ ಎಂದಳು, ಯಾರಿಗೆಂದು ತಿಳಿಯಲಿಲ್ಲ.

ಆಮೇಲೆ ಅವ್ವ ತಲೆಯೆತ್ತಿ ನೇರ ನನ್ನ ಮುಖ ನೋಡಿದಳು.

‘ಸೊರಗೀದಿ. ಅಲ್ಲಿ ನಿನಗ ಉಣ್ಣಾಕ ಯಾರು ಹಾಕಿದ್ರು?’

‘ಆ ಮನಿಯಾಕೀನ ಗಂಜಿ ಕೊಟ್ಲವ್ವ,’ ಎನ್ನುವಷ್ಟರಲ್ಲಿ, ಮೂವತ್ತು ದಾಟಿದ ಗಂಡಸು, ನಿಂತಲ್ಲೇ ಅತ್ತುಬಿಟ್ಟೆ.