ಒಂದು ಅಂಗಳ, ಎರಡು ಮನೆ, ಒಂದೇ ಹೆಸರು

ಶರಾವತಿಗೆ ಅಣೆಕಟ್ಟು ಕಟ್ಟಿದ್ದರಿಂದ ಸಾಗರ, ಹೊಸನಗರ ಸೀಮೆಯ ಹಳ್ಳಿಗಳು ಮುಳುಗಿದವು. ಇದನ್ನು ನಾನು ಹೇಳಬೇಕಾಗಿರಲಿಲ್ಲ, ನಿಮ್ಮ ಮನೆಯ ಕರೆಂಟು ದೀಪ ನೋಡಿದರೆ ನೆನಪಾಗಬೇಕಿತ್ತು. ಆದರೆ ಮೊನ್ನೆ ಆನಂದಪುರದ ಸಭೆಯೊಂದರಲ್ಲಿ ದೊಡ್ಡವರೊಬ್ಬರು, "ಹತ್ತು ವರ್ಷದಲ್ಲಿ ನಮ್ಮೂರಲ್ಲಿ ಜನ ಎಷ್ಟು ಹೆಚ್ಚಿದ್ದಾರೆ ನೋಡಿ!" ಎಂದು ಎದೆ ಉಬ್ಬಿಸಿದರು. ಚಪ್ಪಾಳೆಯೂ ಬಿತ್ತು. ಹಾಗೆ ಹೆಚ್ಚಿದವರಲ್ಲಿ ಒಬ್ಬಳಾದ ಕೆರಿಯಮ್ಮ ಆ ಹೊತ್ತಿಗೆ ಅಕ್ಕಿ ಗಿರಣಿಯ ಅಂಗಳ ಗುಡಿಸುತ್ತಿದ್ದಳು.

ಅವಳು ಬ್ಯಾಕೋಡಿನ ಆಚೆಯ ಹಳ್ಳಿಯವಳು. ಮಕ್ಕಳಿಲ್ಲ. ಗಂಡ ಜಟ್ಟಿಂಗಪ್ಪ ಜ್ವರದಲ್ಲಿ ತೀರಿಕೊಂಡ ಮೇಲೂ ಗದ್ದೆ ಬಿಡಲಿಲ್ಲ, ಒಲೆ ಆರಿಸಲಿಲ್ಲ. ಅದೇ ಅಂಗಳದ ಇನ್ನೊಂದು ಮನೆಯಲ್ಲಿ ಮೈದುನ ಹೂವಪ್ಪ, ಅವನ ಹೆಂಡತಿ ಕನ್ನಮ್ಮ ಇದ್ದರು.

ಅರವತ್ತನೇ ಇಸವಿಯ ಬೇಸಗೆಯಲ್ಲಿ ಮುಳುಗುವ ಮನೆಗಳನ್ನು ಬರೆದುಕೊಳ್ಳಲು ಗುಮಾಸ್ತನೊಬ್ಬ ಬಂದ. ಗಂಡಸರೆಲ್ಲ ಸೊಪ್ಪು ತರಲು ಕಾಡಿಗೆ ಹೋಗಿದ್ದರು.

"ಯಜಮಾನನ ಹೆಸರೇನಮ್ಮ?"

"ಅವ್ರು ಹೋಗಿ ಮೂರು ವರ್ಷ ಆತು ಸ್ವಾಮಿ."

"ಹೋದರೂ ಹೆಸರು ಇರತ್ತಲ್ಲ?"

"ಕಟ್ಕಂಡೋರ ಹೆಸ್ರು ಹೇಳಕ್ಕಾಗ್ತದಾ? ನೀವೇ ತಿಳ್ಕಳಿ."

"ನಾನೇನು ಕಣಿ ಹೇಳೋನಾ? ನೀನಾದರೂ ಹೇಳಮ್ಮ" ಎಂದು ಕನ್ನಮ್ಮನತ್ತ ತಿರುಗಿದ.

ಕನ್ನಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. "ಬಾವನ ಹೆಸ್ರು ನನ್ ಬಾಯಲ್ಲಾ? ನಿಮ್ಮೂರಲ್ಲಿ ಹೆಂಗಸ್ರು ಹೇಳ್ತಾರಾ ಹಂಗೆ?"

ಗಂಡನ ಹೆಸರನ್ನು ಹೆಂಡತಿ ಹೇಳುವುದಿಲ್ಲ, ಗಂಡನ ಅಣ್ಣನ ಹೆಸರನ್ನೂ ಹೇಳುವುದಿಲ್ಲ. ಮೈದುನನ ಹೆಸರಿಗೆ ಮಾತ್ರ ಅಡ್ಡಿಯಿಲ್ಲ. ಆ ಹೊತ್ತಿಗೆ ಆ ಅಂಗಳದಲ್ಲಿ ನಾಲಿಗೆಗೆ ಬರಬಹುದಾಗಿದ್ದ ಗಂಡಸಿನ ಹೆಸರು ಅದೊಂದೇ. ಪಾಪ, ಬಂದವನಿಗೆ ಸಹಾಯವಾಗಲಿ ಎಂದು ಕೆರಿಯಮ್ಮ, "ನಮ್ ಹೂವಪ್ಪನ ಅಣ್ಣ ಅಂತ ಬರ್ಕಳಿ" ಎಂದಳು. ಅವನು 'ಹೂವಪ್ಪ' ಎಂದು ಬರೆದು, ಆಚೆ ಮನೆ ಯಾರದೆಂದು ಕೇಳಿದ. "ಅದು ಹೂವಪ್ಪಂದು." ಎರಡೂ ಮನೆ ಒಂದೇ ಹೆಸರಿಗೆ, ಒಂದೇ ಸಾಲಿಗೆ ಹೋದವು. ಅವಳು ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.

ಪರಿಹಾರದ ಪಟ್ಟಿ ಬಂದಾಗ ಹೂವಪ್ಪನಿಗೆ ಬದಲಿ ಜಾಗವಿತ್ತು, ಅವಳಿಗೆ ಇರಲಿಲ್ಲ. ಹೂವಪ್ಪ ಕೆಟ್ಟವನಲ್ಲ. ಅತ್ತಿಗೆಯನ್ನು ಕರೆದುಕೊಂಡು ಸಾಗರದ ಕಚೇರಿಗೆ ನಡೆದ. "ನಮ್ಮಣ್ಣನ ಮನೆ ಬೇರೆ ಸ್ವಾಮಿ" ಎಂದು ಕೈ ಮುಗಿದ.

ಮೇಜಿನ ಹಿಂದಿದ್ದವನು ತಲೆ ಎತ್ತಲಿಲ್ಲ. "ಅರ್ಜಿ ಯಾರದು? ಅವಳೇ ಹೇಳಲಿ, ಗಂಡನ ಹೆಸರು."

ಹೂವಪ್ಪ ಗೋಡೆಯ ಕಡೆ ಮುಖ ತಿರುಗಿಸಿ ನಿಂತ. ಕೆರಿಯಮ್ಮ ನೆಲ ನೋಡುತ್ತ, "ಜಟ್ಟಿಂಗಪ್ಪ" ಎಂದಳು. ಹದಿನೇಳು ವರ್ಷ ಬಾಳ್ವೆ ಮಾಡಿದ ಗಂಡನ ಹೆಸರನ್ನು ಅವಳು ಹೇಳಿದ್ದು ಅದೇ ಮೊದಲು.

"ಪಟ್ಟಿ ಮೇಲಿನ ಕಚೇರಿಗೆ ಹೋಗಿ ಆಯ್ತಮ್ಮ. ಮೈದುನ ಇದಾನಲ್ಲ, ಅಲ್ಲೇ ಇರು."

ಮೆಟ್ಟಿಲಿಳಿದು ಬಂದವಳು ಬೀದಿಯಲ್ಲೇ ಕುಳಿತುಬಿಟ್ಟಳು. "ಹೇಳ್ಬಿಟ್ನಲ್ಲೋ ಹೂವಪ್ಪ" ಎಂದಳು. ಮನೆ ಹೋಯಿತು ಎಂದು ಅಳಲಿಲ್ಲ.

ಅರವತ್ತನಾಲ್ಕರಲ್ಲಿ ನೀರು ಬಂತು. ಹೂವಪ್ಪನ ಹೊಸ ಗುಡಿಸಲಿನಲ್ಲಿ ಒಂದು ಕೋಣೆ, ಐದು ಮಕ್ಕಳು. ಕನ್ನಮ್ಮ ಬೇಡ ಎನ್ನಲಿಲ್ಲ. ಆದರೆ ಇನ್ನೊಬ್ಬಳ ಒಲೆಯೆದುರು ಎಷ್ಟು ದಿನ ಕೈ ಕಟ್ಟಿ ಕೂರುವುದು? ಎರಡು ಮಳೆಗಾಲ ಕಳೆದು ಕೆರಿಯಮ್ಮ ಆನಂದಪುರಕ್ಕೆ ಬಂದಳು. ಈಗ ಗಿರಣಿಯ ಹಿಂದಿನ ಮಾಡಿನಡಿ ಮೂರು ಕಲ್ಲು ಹೂಡಿ ಗಂಜಿ ಬೇಯಿಸಿಕೊಳ್ಳುತ್ತಾಳೆ. ಆ ಕಲ್ಲನ್ನೂ ಬೆಳಿಗ್ಗೆ ಎತ್ತಿಡಬೇಕು, ಅಲ್ಲಿ ಚೀಲ ಒಟ್ಟುತ್ತಾರೆ.

ಇದನ್ನೆಲ್ಲ ಅವಳೇ ನನಗೆ ಹೇಳಿದಳು. ಗಂಡನ ಹೆಸರಿನ ಜಾಗ ಬಂದಾಗ ಮಾತ್ರ ನಿಲ್ಲಿಸಿದಳು. ಅದನ್ನು ಹೂವಪ್ಪನಿಂದ ತಿಳಿದೆ.

ಎಪ್ಪತ್ತೊಂದರಲ್ಲಿ ಮತ್ತೆ ಜನಗಣತಿ ಬರುತ್ತದೆ. ಇದನ್ನು ಓದುತ್ತಿರುವ ಮೇಷ್ಟ್ರುಗಳೇ, ಗುಮಾಸ್ತರೇ, ಪುಸ್ತಕ ಹಿಡಿದು ಹೋಗುವವರು ನೀವೇ. ಅಂದು ಅಷ್ಟೆಲ್ಲ ಕೇಳಿದವರಲ್ಲಿ ಒಬ್ಬನೂ "ನಿನ್ನ ಹೆಸರೇನಮ್ಮ?" ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ತಡವರಿಸದೆ ಹೇಳುತ್ತಿದ್ದಳು. ಬಾಗಿಲಿಗೆ ಹೆಂಗಸು ಬಂದರೆ ಮೊದಲು ಅವಳ ಹೆಸರು ಕೇಳಿ. ಅವಳ ಒಲೆ ಎಲ್ಲಿದೆ ನೋಡಿ. ನೋಡಿ ಬರೆಯಿರಿ.