ದಕ್ಷಿಣ ಸುಡಾನಿನೊಳಗ ಉಳಿದ ಕಂಬಳಿ

ನೀರಿಗಾಗಿ ಎರಡು ದನಗಾಹಿ ಬಣಗಳು ಬಂದೂಕು ಹಿಡಿದು ಬಡಿದಾಡೋ ದಕ್ಷಿಣ ಸುಡಾನಿನೊಳಗ, ವಿದೇಶಿ ನೆರವಿನ ಬೋರ್ ಹೊಡಸೋದು ನನ್ನ ಕೆಲಸ ಇತ್ತು. ಬೋರಿನ ಜಾಗ ಗೊತ್ತುಮಾಡಾಕ ಎರಡೂ ಬಣದ ಹಿರಿಯರನ್ನ ಕರೆದು ನಮ್ಮ ಸಂಸ್ಥೆಯ ಸಾಹೇಬರು ಕುರ್ಚಿ ಹಾಕಿಸಿದರು. ಆಚೆಯವ ಕುಂದ್ರೂತನಕ ತಾನು ಕುಂದ್ರಂಗಿಲ್ಲ ಅಂತ ಇಬ್ಬರೂ ನಿಂತೇ ಇದ್ದರು. ನಮ್ಮ ಮುಚ್ಚಂಡಿ ಕಡೆ ಕುರುಬರ ನ್ಯಾಯ ನಡಿಯೋದು ಕಂಬಳಿ ಮ್ಯಾಲ. ಮನಿಯಿಂದ ಒಯ್ದಿದ್ದ ಕಂಬಳಿ ಹಾಸಿದೆ. ಕುರಿ ವಾಸನಿ ಬಡಿದು ಇಬ್ಬರೂ ನಕ್ಕರು, ಒಟ್ಟಿಗೇ ಕುಂತರು. ಜಾಗ ಗೊತ್ತಾತು. ಹೋಗುವಾಗ ಮುಂದಿನ ಮಾತುಕತಿಗೂ ಬೇಕಂತ ಇಬ್ಬರೂ ಕಂಬಳಿ ಕೇಳಿದರು, ಕೊಟ್ಟೆ.

ಈಗ ನೆರವು ನಿಂತು ಊರಿಗೆ ಬಂದೀನಿ. ಥಂಡಿ ಬಿದ್ದಾಗೊಮ್ಮೆ ಅವ್ವ ಕೇಳ್ತಾಳ, "ಕಂಬಳಿ ಎಲ್ಲೈತೋ?"

"ಅವರು ಕುಂದ್ರಾಕ ಇಟಗೊಂಡಾರ ಬೇ."

"ಇನ್ನೂ ಕೂಡೇ ಕುಂದರ್ತಾರನು?"

ಅದನ್ನ ಒಮ್ಮೆ ನೋಡಿ ಬರಬೇಕಂತ ನನ್ನ ಜೀವನೂ ಎಳಿತೈತಿ. ಸಂಸ್ಥೆಯ ಕೊನೇ ವರದಿಯೊಳಗ ಅವರ ಸುದ್ದಿ ಹುಡುಕಿದೆ. ಬರೇ ಅವತ್ತು ಹಾಕಿಸಿದ ಕುರ್ಚಿಗಳ ಫೋಟೋ ಐತಿ.